ಊರಿನ ಸರ್ಕಾರಿ ಶಾಲೆಯನ್ನು ಉಳಿಸಿಕೊಳ್ಳುವ ಬಗೆ: ಎಸ್‌ಡಿಎಂಸಿ ಸದಸ್ಯರಿಗೂ ಪೋಷಕರಿಗೂ

ಸರ್ಕಾರಿ ಶಾಲೆಯೊಂದು ಒಂದೇ ವರ್ಷದಲ್ಲಿ ಮುಚ್ಚುವುದಿಲ್ಲ. ಮೊದಲು ಊರಿನಲ್ಲಿ ನಾಲ್ಕು ಕಾಸು ಇದ್ದವರ ಮಕ್ಕಳು ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತುತ್ತಾರೆ. ಅವರನ್ನು ಕಂಡು ಕೂಲಿಗೆ ಹೋಗುವವರೂ ಸಂಘದಲ್ಲಿ ಸಾಲ ತೆಗೆದು ಶುಲ್ಕ ಕಟ್ಟುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾದ ಮೇಲೆ ಒಬ್ಬ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಬೇರೆ ಶಾಲೆಗೆ ಕಳಿಸಲಾಗುತ್ತದೆ. ಮೇಷ್ಟ್ರಿಲ್ಲವೆಂದು ಉಳಿದವರಲ್ಲಿ ಇನ್ನಷ್ಟು ಮಂದಿ ಟಿ.ಸಿ. ಕೇಳುತ್ತಾರೆ, ಕೊನೆಗೆ ದಾಖಲಾತಿ ಒಂದಂಕಿಗೆ ಇಳಿದಾಗ ಪಕ್ಕದ ಶಾಲೆಯೊಂದಿಗೆ ‘ವಿಲೀನ’ದ ಮಾತು ಬರುತ್ತದೆ. ಆ ಹೊತ್ತಿಗೆ ಗೇಟಿನ ಮುಂದೆ ಧರಣಿ ಕುಳಿತರೆ ಆದೇಶವನ್ನು ಸ್ವಲ್ಪ ಕಾಲ ಮುಂದೂಡಬಹುದೇ ಹೊರತು ಮಕ್ಕಳು ಮರಳಿ ಬರುವುದಿಲ್ಲ. ಕೆಲಸ ಆರಂಭವಾಗಬೇಕಾದದ್ದು ಮೊದಲ ಐದು ಮಕ್ಕಳು ವ್ಯಾನು ಹತ್ತಿದ ವರ್ಷದಲ್ಲಿ.

ರಾಜ್ಯ ಮತ್ತು ಕೇಂದ್ರದ ಮಟ್ಟದಲ್ಲಿ ಆಗಬೇಕಾದ ಸುಧಾರಣೆಗಳು ಬಹಳ ಇವೆ. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು, ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ 6ರ ಮಾತನ್ನು ಮತ್ತೆ ಬರೆಯಬೇಕಾಗಿ ಬಂದದ್ದೇ ನಾವು ಎಷ್ಟು ದೂರ ನಡೆದಿದ್ದೇವೆ ಎಂಬುದನ್ನು ತೋರಿಸುತ್ತದೆ. ಅದಕ್ಕಾಗಿ ಒತ್ತಾಯಿಸುತ್ತಲೇ ಇರಬೇಕು. ಆದರೆ ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಗು ಐದೇ ವರ್ಷದಲ್ಲಿ ಕಿರಿಯ ಪ್ರಾಥಮಿಕ ಹಂತವನ್ನು ದಾಟಿಬಿಡುತ್ತದೆ, ಅದು ಬಜೆಟ್ಟಿಗಾಗಿ ಕಾಯಲಾರದು. ಆದ್ದರಿಂದ ಈ ಬರಹದಲ್ಲಿ ಊರಿನವರೇ, ಇರುವ ಕಾನೂನಿನೊಳಗೆ, ಒಂದು ಶೈಕ್ಷಣಿಕ ವರ್ಷದಲ್ಲಿ ಮಾಡಬಹುದಾದ ಕೆಲಸಗಳನ್ನು ಮಾತ್ರ ಹೇಳಿದ್ದೇನೆ. ಶಾಲಾ ಸಮಿತಿಯಲ್ಲಿ ಎರಡು ಅವಧಿ ಕೆಲಸ ಮಾಡಿದ ನನಗೆ ಮನವರಿಕೆಯಾದ ಸಂಗತಿ ಒಂದೇ: ಮಗು ಕನ್ನಡ ಪುಸ್ತಕವನ್ನು ತಡವರಿಸದೆ ಗಟ್ಟಿಯಾಗಿ ಓದುವುದನ್ನು ತಾಯಿ ಕಿವಿಯಾರೆ ಕೇಳಿದ ಮನೆಯಿಂದ ಟಿ.ಸಿ. ಅರ್ಜಿ ಬರುವುದು ಬಹಳ ಅಪರೂಪ. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಆ ಓದಿಗೆ ದಾರಿ ಮಾಡಿಕೊಡುವಂಥದ್ದು.

ಸಮಿತಿಗೆ ಕಾನೂನು ಕೊಟ್ಟಿರುವ ಬಲ

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವು ಎಸ್‌ಡಿಎಂಸಿ ಎನ್ನುವುದು, ಸ್ವಾತಂತ್ರ್ಯೋತ್ಸವದ ದಿನ ಸಿಹಿ ಹಂಚುವುದಕ್ಕೆ ಹುಟ್ಟಿದ್ದಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕ ಸರ್ಕಾರ ಈ ಸಮಿತಿಗಳನ್ನು ರಚಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಂ ಇಂಥ ಸಮಿತಿಯನ್ನು ದೇಶದ ಎಲ್ಲ ಸರ್ಕಾರಿ ಶಾಲೆಗಳಿಗೂ ಕಡ್ಡಾಯ ಮಾಡಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿಯರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಪೋಷಕರಿಗೆ ಮಕ್ಕಳ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಈ ಸಮಿತಿಯ ಕರ್ತವ್ಯಗಳು.

ಇವುಗಳಲ್ಲಿ ಯಾವುದೂ ಬಾಯಿಮಾತಿನಿಂದ ನಡೆಯುವುದಿಲ್ಲ. ಆದ್ದರಿಂದ ಮೊದಲ ತಿಂಗಳಲ್ಲಿಯೇ ಮಾಡಬೇಕಾದ ಕೆಲಸವೆಂದರೆ ನಡಾವಳಿ ಪುಸ್ತಕವನ್ನು ತರಿಸಿಕೊಂಡು ಹಿಂದಿನ ಮೂರು ವರ್ಷಗಳ ಠರಾವುಗಳನ್ನು ಓದುವುದು. ಹಲವು ಕಡೆ ಸಭೆಯೇ ನಡೆಯದೆ, ಮುಖ್ಯ ಶಿಕ್ಷಕರು ಬರೆದಿಟ್ಟ ಪುಟಕ್ಕೆ ಸದಸ್ಯರು ಹೊಲದ ಬದುವಿನಲ್ಲಿ ನಿಂತು ಸಹಿ ಹಾಕಿರುತ್ತಾರೆ. ಆ ರೂಢಿಯನ್ನು ನಿಲ್ಲಿಸಿ, ತಿಂಗಳಿಗೊಂದು ದಿನವನ್ನು ನಿಗದಿ ಮಾಡಿ, ಕೂಲಿಗೆ ಹೋಗುವ ತಾಯಂದಿರಿಗೂ ಬರಲು ಸಾಧ್ಯವಾಗುವ ಸಂಜೆಯ ಹೊತ್ತಿನಲ್ಲಿ ಸಭೆ ಸೇರಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಕರೆದರೆ ಯಾರು ಬರಬೇಕೋ ಅವರು ಬರುವುದಿಲ್ಲ. ಠರಾವಿನಲ್ಲಿ ‘ಚರ್ಚಿಸಲಾಯಿತು’ ಎಂದು ಬರೆದು ಮುಗಿಸಬಾರದು. ಯಾವ ಕೆಲಸ, ಯಾರ ಹೊಣೆ, ಯಾವ ದಿನಾಂಕದೊಳಗೆ ಎಂಬ ಮೂರೂ ಇರಬೇಕು. ಇಲಾಖೆಗೆ ಕೊಡುವ ಪ್ರತಿಯೊಂದು ಮನವಿಗೂ ಠರಾವಿನ ನಕಲನ್ನು ಲಗತ್ತಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡು ಬರಬೇಕು. ಆ ಮೊಹರು ಇಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಯಾವ ಮಗುವಿಗೆ ಓದು ಬರುತ್ತದೆ, ಯಾವುದಕ್ಕೆ ಇಲ್ಲ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಬಹುಪಾಲು ಸಮಿತಿಗಳು ಕಾಂಪೌಂಡಿನ ಬಗ್ಗೆ, ಸುಣ್ಣ ಬಣ್ಣದ ಬಗ್ಗೆ, ವಾರ್ಷಿಕೋತ್ಸವದ ಪೆಂಡಾಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ತರಗತಿಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ‘ಅದು ಮೇಷ್ಟ್ರ ವಿಷಯ’ ಎಂದು ಬಿಟ್ಟುಬಿಡುತ್ತವೆ. ಗ್ರಾಮೀಣ ಭಾರತದಲ್ಲಿ 5ನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 2ನೇ ತರಗತಿಯ ಪಾಠವನ್ನು ಓದಲು ಬರುವುದಿಲ್ಲವೆಂದು ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ 2024ರಲ್ಲಿಯೂ ಹೇಳಿದೆ. ನಮ್ಮ ಶಾಲೆ ಆ ಅರ್ಧದಲ್ಲಿ ಎಲ್ಲಿದೆ ಎಂದು ತಿಳಿಯದೆ ಯಾವ ಸುಧಾರಣೆಗೂ ಕೈ ಹಾಕಬಾರದು.

ತಿಳಿಯುವ ವಿಧಾನ ಬಹಳ ಸರಳ. ಒಂದು ಹಾಳೆಯಲ್ಲಿ ನಾಲ್ಕು ಭಾಗ ಮಾಡಿ. ಮೊದಲನೆಯದರಲ್ಲಿ ಬಿಡಿ ಅಕ್ಷರಗಳು, ಎರಡನೆಯದರಲ್ಲಿ ದಿನಬಳಕೆಯ ಸಣ್ಣ ಪದಗಳು, ಮೂರನೆಯದರಲ್ಲಿ ಒಂದನೇ ತರಗತಿಯ ಮಟ್ಟದ ನಾಲ್ಕು ವಾಕ್ಯ, ನಾಲ್ಕನೆಯದರಲ್ಲಿ ಎರಡನೇ ತರಗತಿಯ ಮಟ್ಟದ ಎಂಟು ಹತ್ತು ಸಾಲಿನ ಕಥೆ. ಮಗುವನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಇತರ ಮಕ್ಕಳಿಗೆ ಕೇಳಿಸದಂತೆ ಓದಿಸಿ, ಎಲ್ಲಿಯವರೆಗೆ ಬಂತು ಎಂಬುದನ್ನು ಹೆಸರಿನ ಮುಂದೆ ಗುರುತು ಹಾಕಿಕೊಂಡರೆ ಸಾಕು. ಇದನ್ನು ಶಿಕ್ಷಕರ ಜೊತೆ ಕೂತು, ಅವರ ಒಪ್ಪಿಗೆಯಿಂದ ಮಾಡಬೇಕು; ಶಿಕ್ಷಕರನ್ನು ಪರೀಕ್ಷಿಸಲು ಬಂದವರಂತೆ ಹೋದರೆ ಮುಂದಿನ ಯಾವ ಕೆಲಸಕ್ಕೂ ಅವರ ಮನಸ್ಸು ಸಿಗುವುದಿಲ್ಲ. ಗಣಿತಕ್ಕೂ ಹೀಗೆಯೇ: ಎರಡಂಕಿಯ ಸಂಖ್ಯೆಯನ್ನು ಗುರುತಿಸುವುದು, ದಶಕ ತೆಗೆದುಕೊಂಡು ಮಾಡುವ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ.

ಕನ್ನಡ ಓದಿನಲ್ಲಿ ಮಕ್ಕಳು ಎಡವುವ ಜಾಗಗಳು ಬಹುತೇಕ ಎಲ್ಲ ಊರುಗಳಲ್ಲಿಯೂ ಒಂದೇ. ವರ್ಣಮಾಲೆಯನ್ನು ಹಾಡಿನಂತೆ ಒಪ್ಪಿಸುವ ಮಗು ಅದೇ ಅಕ್ಷರಗಳನ್ನು ಹಿಂದುಮುಂದಾಗಿ ತೋರಿಸಿದರೆ ಗುರುತಿಸುವುದಿಲ್ಲ. ಅದನ್ನು ದಾಟಿದ ಮಗು ಕಾಗುಣಿತದಲ್ಲಿ ನಿಲ್ಲುತ್ತದೆ. ‘ಕಿ’ ಮತ್ತು ‘ಕೆ’, ‘ಕೊ’ ಮತ್ತು ‘ಕೌ’ ಬೆರೆಯುತ್ತವೆ. ಅದನ್ನೂ ದಾಟಿದ ಮೇಲೆ ಒತ್ತಕ್ಷರದ ಗೋಡೆ ಎದುರಾಗುತ್ತದೆ. ‘ಅಕ್ಕ’, ‘ಹಣ್ಣು’, ‘ಕತ್ತೆ’ ಎಂದು ಸಲೀಸಾಗಿ ಓದುವ ಮಗು ‘ಸೂರ್ಯ’, ‘ಶಾಸ್ತ್ರ’, ‘ಪುಷ್ಪ’ ಬಂದಾಗ ಶಿಕ್ಷಕರ ಮುಖ ನೋಡುತ್ತದೆ. ಸಮಾಜ ವಿಜ್ಞಾನವಾಗಲಿ ವಿಜ್ಞಾನವಾಗಲಿ, 4ನೇ ತರಗತಿಯಿಂದ ಮೇಲಿನ ಪಠ್ಯಪುಸ್ತಕ ಇಂಥ ಪದಗಳಿಂದಲೇ ತುಂಬಿರುವುದರಿಂದ, ಒತ್ತಕ್ಷರದಲ್ಲಿ ನಿಂತ ಮಗು ಎಲ್ಲ ವಿಷಯಗಳಲ್ಲಿಯೂ ನಿಂತುಬಿಡುತ್ತದೆ, ಮತ್ತು ಅದನ್ನು ನಾವು ‘ದಡ್ಡ’ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಆ ಮಗುವಿಗೆ ಬೇಕಾದದ್ದು ಎರಡು ತಿಂಗಳ ಒತ್ತಕ್ಷರದ ಅಭ್ಯಾಸ.

ಪೋಷಕರಿಗೆ ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಒಂದನೇ ತರಗತಿಯ ಮಗುವಿಗೆ ಆಗಸ್ಟಾದರೂ ‘ಅ ಆ ಇ ಈ’ ಬಾರದೆಂದು ದೂರಿ ಟಿ.ಸಿ. ಕೇಳುವವರಿದ್ದಾರೆ. ಕಾರ್ಡುಗಳ ಮೂಲಕ ಆಡುತ್ತ ಕಲಿಸುವ, ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ ‘ರ ಗ ಸ ದ ಅ’ ಎಂಬ ಗುಂಪಿನಿಂದ ಆರಂಭವಾಗುತ್ತದೆ. ಬರೆಯಲು ಸುಲಭವಾದ, ಕಲಿತ ಕೂಡಲೇ ‘ಸರ’, ‘ಅರಸ’, ‘ಗರಗಸ’ ಎಂದು ಪದ ಕಟ್ಟಬಹುದಾದ ಅಕ್ಷರಗಳು ಮೊದಲು ಬರಲಿ ಎಂಬುದು ಅದರ ಉದ್ದೇಶ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರ ಕೈಯಲ್ಲಿ ಬೆಳೆದ ಈ ಪದ್ಧತಿ 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಬಂತು. ಪದ್ಧತಿ ಒಳ್ಳೆಯದು, ಆದರೆ ಕಾರ್ಡುಗಳು ಹರಿದು, ಕಲಿಕೆಯ ತಟ್ಟೆಗಳು ಖಾಲಿಯಾಗಿ, ಒಬ್ಬರೇ ಶಿಕ್ಷಕರು ಮೂರು ತರಗತಿಯನ್ನು ನೋಡಿಕೊಳ್ಳುವಲ್ಲಿ ಅದು ಬರೀ ಹೆಸರಾಗಿ ಉಳಿಯುತ್ತದೆ. ಸಮಿತಿ ಕಾರ್ಡುಗಳು ಪೂರ್ತಿ ಇವೆಯೇ ಎಂದು ಎಣಿಸಿ ನೋಡಲಿ. ಹಾಗೆಯೇ ಗಣಿತ ಕಲಿಕೆಗೆ ಕೊಟ್ಟಿರುವ ಸಾಮಗ್ರಿಯ ಪೆಟ್ಟಿಗೆ ಬೀರುವಿನಲ್ಲಿ ಬೀಗ ಹಾಕಿ ಕೂತಿದೆಯೇ ಎಂದೂ ನೋಡಲಿ. ‘ಕಳೆದುಹೋದರೆ ಲೆಕ್ಕ ಕೊಡಬೇಕು’ ಎಂಬ ಭಯದಿಂದ ಅದನ್ನು ಮಕ್ಕಳ ಕೈಗೆ ಕೊಡದ ಶಿಕ್ಷಕರಿಗೆ, ಕಳೆದುಹೋದರೆ ಸಮಿತಿ ಜವಾಬ್ದಾರಿ ಹೊರುತ್ತದೆಂದು ಠರಾವು ಬರೆದುಕೊಟ್ಟರೆ ಪೆಟ್ಟಿಗೆ ಹೊರಬರುತ್ತದೆ.

ಪಟ್ಟಿ ಸಿದ್ಧವಾದ ಮೇಲೆ, 3ರಿಂದ 5ನೇ ತರಗತಿಯ ಮಕ್ಕಳನ್ನು ದಿನಕ್ಕೆ ಒಂದು ಗಂಟೆ ಮಾತ್ರ ತರಗತಿಯ ಲೆಕ್ಕ ಬಿಟ್ಟು ಓದಿನ ಮಟ್ಟದ ಲೆಕ್ಕದಲ್ಲಿ ಗುಂಪು ಮಾಡಿ ಕಲಿಸುವಂತೆ ಶಿಕ್ಷಕರೊಂದಿಗೆ ಮಾತಾಡಬೇಕು. ‘ಓದು ಕರ್ನಾಟಕ’ ಕಾರ್ಯಕ್ರಮದಲ್ಲಿ ಇಲಾಖೆ ಮಾಡಿದ್ದೂ ಇದನ್ನೇ, ಆದ್ದರಿಂದ ಇದು ನಿಯಮದ ಆಚೆಯ ಕೆಲಸವೇನಲ್ಲ. ಸಂಜೆ ಒಂದು ಗಂಟೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಪಿಯುಸಿ, ಪದವಿ ಓದುತ್ತಿರುವ ಊರಿನ ಹುಡುಗಿಯರು ಹುಡುಗರು ಈ ಮಕ್ಕಳಿಗೆ ಓದಿಸಲಿ. ಮೂರು ತಿಂಗಳಿಗೊಮ್ಮೆ ಅದೇ ಹಾಳೆಯಿಂದ ಮತ್ತೆ ನೋಡಿ, ಎಷ್ಟು ಮಕ್ಕಳು ಒಂದು ಮಟ್ಟ ಮೇಲೆ ಬಂದರೆಂದು ಪೋಷಕರ ಸಭೆಯಲ್ಲಿ ಹೇಳಬೇಕು. ಮಕ್ಕಳ ಹೆಸರು ಹೇಳಿ ಹೋಲಿಸಬಾರದು. ಆಯಾ ಮಗುವಿನ ಸಂಗತಿಯನ್ನು ಅದರ ತಂದೆ ತಾಯಿಗೆ ಮಾತ್ರ ಹೇಳಬೇಕು. ಎಲ್ಲಕ್ಕಿಂತ ಒಳ್ಳೆಯದು ಮಗುವಿನಿಂದಲೇ ಅವರಿಗೆ ಓದಿ ಹೇಳಿಸುವುದು. ಸ್ವತಃ ಓದು ಬಾರದ ಒಬ್ಬ ತಾಯಿ ಮಗಳು ಓದಿದ ಕಥೆಯನ್ನು ಕೇಳಿ, ಪುಸ್ತಕವನ್ನು ಕೈಗೆ ತೆಗೆದುಕೊಂಡು ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತದ್ದನ್ನು ನಾನು ಮರೆತಿಲ್ಲ. ಮಾರನೆಯ ವರ್ಷ ಆಕೆಯೇ ಪಕ್ಕದ ಬೀದಿಯ ಇಬ್ಬರು ಮಕ್ಕಳನ್ನು ಶಾಲೆಗೆ ಕರೆದುಕೊಂಡು ಬಂದರು.

ಶಿಕ್ಷಕರನ್ನು ತರಗತಿಯಲ್ಲಿ ಉಳಿಸಿಕೊಳ್ಳುವುದು

ಸರ್ಕಾರಿ ಶಾಲೆಯ ಶಿಕ್ಷಕರು ಕಲಿಸುವುದಿಲ್ಲ ಎಂಬ ಮಾತನ್ನು ಸುಲಭವಾಗಿ ಆಡುತ್ತೇವೆ. ಕಲಿಸದವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವರ ಒಂದು ತಿಂಗಳ ದಿನಚರಿಯನ್ನು ಬರೆದಿಟ್ಟು ನೋಡಿದವರಿಗೆ ಬೇರೆಯದೇ ಚಿತ್ರ ಕಾಣುತ್ತದೆ: ಎಸ್‌ಎಟಿಎಸ್ ಮತ್ತು ಯು-ಡೈಸ್‌ಗೆ ಆನ್‌ಲೈನ್‌ನಲ್ಲಿ ಮಕ್ಕಳ, ಶಾಲೆಯ ಮಾಹಿತಿ ತುಂಬುವುದು, ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿಯ ಕೆಲಸ, ಸಮೀಕ್ಷೆ, ತರಬೇತಿ, ಸಭೆ. 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿದಾಗ ಕೆಲಸ ಮುಗಿಯದೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ವ್ಯಾನು ಹತ್ತಿದ ಮಕ್ಕಳು ಪಾಠ ಕೇಳುತ್ತಿದ್ದ ದಿನಗಳಲ್ಲಿ ನಮ್ಮ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು. ಸಮೀಕ್ಷೆ ಬೇಡವೆಂದಲ್ಲ, ಅದರ ಬೆಲೆಯನ್ನು ಪ್ರತಿ ಬಾರಿಯೂ ಬಡವರ ಮಕ್ಕಳ ಪಾಠದ ದಿನಗಳಿಂದಲೇ ತೆರುವುದು ಅನ್ಯಾಯ.

ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮಿನ ಪ್ರಕಾರ ಹತ್ತು ವರ್ಷಗಳ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಕೆಲಸ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಚುನಾವಣೆ ಮತ್ತು ಮತದಾರರ ಪಟ್ಟಿಯ ಕೆಲಸವನ್ನೂ ಸಾಮಾನ್ಯವಾಗಿ ರಜಾದಿನಗಳಲ್ಲಿ, ಪಾಠವಿಲ್ಲದ ಹೊತ್ತಿನಲ್ಲಿ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಹೇಳಿದೆ. ಆದ್ದರಿಂದ ಸಮಿತಿ ಒಂದು ಸಣ್ಣ ಪುಸ್ತಕವನ್ನು ಇಡಬೇಕು. ಯಾವ ದಿನ, ಯಾವ ಶಿಕ್ಷಕರು, ಯಾವ ಕೆಲಸಕ್ಕಾಗಿ, ಯಾರ ಆದೇಶದ ಮೇಲೆ ಶಾಲೆಯಿಂದ ಹೊರಗಿದ್ದರು ಎಂಬುದನ್ನು ಅದರಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಕಳೆದುಹೋದ ದಿನಗಳನ್ನು ಕೂಡಿ, 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ ಮತ್ತು 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕೆಂಬ ಕಾಯಿದೆಯ ಅನುಸೂಚಿಯನ್ನು ಉಲ್ಲೇಖಿಸಿ ಬಿಇಒ ಅವರಿಗೆ ಪತ್ರ ಬರೆಯಬೇಕು. ಶಿಕ್ಷಕರು ತಾವೇ ಇಂಥ ಪತ್ರ ಬರೆದರೆ ಮೇಲಿನವರ ಕೆಂಗಣ್ಣಿಗೆ ಗುರಿಯಾಗುತ್ತಾರೆ, ಪೋಷಕರು ಬರೆದರೆ ಆಗುವುದಿಲ್ಲ. ಶಿಕ್ಷಕರು ಸಮಿತಿಯನ್ನು ತಮ್ಮವರೆಂದು ನಂಬಲು ಆರಂಭಿಸುವುದು ಇಂಥ ಪತ್ರದ ನಂತರವೇ. ಹಾಗೆ ನಂಬಿದ ಮೇಲೆ, ತಡವಾಗಿ ಬರುವ ಒಬ್ಬರೊಂದಿಗೆ ಆ ಬಗ್ಗೆ ಮಾತಾಡುವುದೂ ಸುಲಭವಾಗುತ್ತದೆ.

ಶಿಕ್ಷಕರ ಸಂಖ್ಯೆಯ ಲೆಕ್ಕವೂ ಸಮಿತಿಯ ಬಾಯಲ್ಲಿರಬೇಕು. ಅದೇ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 6ರಿಂದ 8ಕ್ಕೆ ತರಗತಿಗೊಬ್ಬರಂತೆ, ಗಣಿತ ಮತ್ತು ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗೆ ಪ್ರತ್ಯೇಕವಾಗಿ ಶಿಕ್ಷಕರಿರಬೇಕು. ಈ ಅಳತೆಯಲ್ಲಿಯೇ ಒಂದು ದೊಡ್ಡ ಕೊರತೆ ಇದೆಯೆಂದು ನನ್ನ ಅಭಿಪ್ರಾಯ: ಐದು ತರಗತಿಗೆ ಇಬ್ಬರೇ ಶಿಕ್ಷಕರಿದ್ದಲ್ಲಿ ಒಬ್ಬರು ತರಬೇತಿಗೆ ಹೋದ ದಿನ ಐದೂ ತರಗತಿ ಒಬ್ಬರ ತಲೆಯ ಮೇಲೆ ಬೀಳುತ್ತದೆ, ಮತ್ತು ಸಣ್ಣ ಊರಿನ ಶಾಲೆಗಳು ಸೋಲುವುದು ಅಲ್ಲಿಯೇ. ತರಗತಿಗೊಬ್ಬ ಶಿಕ್ಷಕರು ಎಂಬುದು ನಮ್ಮ ಬೇಡಿಕೆಯಾಗಿರಬೇಕು. ಅದು ಸಿಗುವವರೆಗೆ, ಮಂಜೂರಾದ ಹುದ್ದೆ ಖಾಲಿ ಇದ್ದರೆ ಮೇ ತಿಂಗಳಲ್ಲಿಯೇ ಠರಾವು ಮಾಡಿ ಅತಿಥಿ ಶಿಕ್ಷಕರಿಗಾಗಿ ಮನವಿ ಕೊಡಬೇಕು, ಶಾಲೆ ಆರಂಭವಾದ ಮೇಲೆ ಕೇಳಿದರೆ ಎರಡು ತಿಂಗಳು ಹಾಗೆಯೇ ಕಳೆದುಹೋಗುತ್ತವೆ. ನಮ್ಮ ಶಾಲೆಯ ಶಿಕ್ಷಕರನ್ನು ನಿಯೋಜನೆಯ ಮೇಲೆ ಬೇರೆಡೆ ಕಳಿಸಿ ಸಂಬಳ ಮಾತ್ರ ನಮ್ಮ ಶಾಲೆಯ ಹೆಸರಿನಲ್ಲಿ ನಡೆಯುತ್ತಿದ್ದರೆ, ಆ ನಿಯೋಜನೆ ರದ್ದುಪಡಿಸಲು ಕೇಳುವುದು ಸಮಿತಿಯ ಹಕ್ಕು.

ಮಗು ಕೈತಪ್ಪುವುದು ಮೂರೂವರೆ ವರ್ಷಕ್ಕೆ

ದಾಖಲಾತಿ ಆಂದೋಲನವನ್ನು ಮೇ ಕೊನೆಯಲ್ಲಿ ತಮಟೆ ಹೊಡೆಸಿ ಆರಂಭಿಸುತ್ತೇವೆ. ಅಷ್ಟು ಹೊತ್ತಿಗೆ ಮಗು ಖಾಸಗಿ ಶಾಲೆಯ ಎಲ್‌ಕೆಜಿ, ಯುಕೆಜಿ ಮುಗಿಸಿ, ಅಲ್ಲಿನ ಸಮವಸ್ತ್ರ, ಗೆಳೆಯರು, ಮಿಸ್ಸು ಎಲ್ಲಕ್ಕೂ ಹೊಂದಿಕೊಂಡುಬಿಟ್ಟಿರುತ್ತದೆ. ಬಹುಪಾಲು ಸರ್ಕಾರಿ ಶಾಲೆಗಳ ಬಾಗಿಲು ತೆರೆಯುವುದು ಆರು ವರ್ಷಕ್ಕೆ, ಖಾಸಗಿಯವರದು ಮೂರೂವರೆಗೆ. ಈ ಎರಡೂವರೆ ವರ್ಷದ ಅಂತರವೇ ನಮ್ಮ ಶಾಲೆಗಳನ್ನು ಬರಿದು ಮಾಡುತ್ತಿರುವ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳು ಆರಂಭವಾದ ಮೇಲೆ ಪೋಷಕರು ಸೀಟಿಗಾಗಿ ಬಂದದ್ದನ್ನು ನೋಡಿದರೆ ಈ ಮಾತು ಅರ್ಥವಾಗುತ್ತದೆ.

ಹಾಗಾಗಿ ಅಂಗನವಾಡಿ ಕಾರ್ಯಕರ್ತೆಯವರ ನೆರವಿನಿಂದ ಊರಿನ ಮೂರರಿಂದ ಆರು ವರ್ಷದ ಎಲ್ಲ ಮಕ್ಕಳ ಪಟ್ಟಿಯನ್ನು ಹೆಸರು, ಹುಟ್ಟಿದ ದಿನಾಂಕ, ಈಗ ಎಲ್ಲಿಗೆ ಹೋಗುತ್ತಿದೆ ಎಂಬ ವಿವರದೊಂದಿಗೆ ನವೆಂಬರ್‌ನಲ್ಲಿಯೇ ಸಿದ್ಧಪಡಿಸಬೇಕು. ಡಿಸೆಂಬರ್, ಜನವರಿಯಲ್ಲಿ ಖಾಸಗಿ ಶಾಲೆಗಳ ಕರಪತ್ರ ಬರುವ ಮೊದಲು ಸಮಿತಿಯ ತಾಯಂದಿರು ಆ ಮನೆಗಳಿಗೆ ಹೋಗಲಿ. ಅಂಗನವಾಡಿ ಶಾಲೆಯ ಆವರಣದಲ್ಲಿದ್ದರೆ ಆ ಮಕ್ಕಳಿಗೂ ಶಾಲೆಯ ಪ್ರಾರ್ಥನೆಯಲ್ಲಿ, ಆಟದಲ್ಲಿ, ಪ್ರತಿಭಾ ಕಾರಂಜಿಯ ತಯಾರಿಯಲ್ಲಿ ಜಾಗ ಕೊಡಬೇಕು. ತನ್ನದೆಂದು ಮೊದಲೇ ತಿಳಿದ ಅಂಗಳವನ್ನು ಮಗು ಬಿಟ್ಟುಹೋಗಲು ಒಪ್ಪುವುದಿಲ್ಲ.

ಇಂಗ್ಲಿಷಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. ಮಾತೃಭಾಷೆಯ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಕಡ್ಡಾಯ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟ ಮೇಲೆ, ಕನ್ನಡ ಮಾಧ್ಯಮ ಉಳಿಯುವುದಾದರೆ ಅದರ ಗುಣದಿಂದಲೇ ಉಳಿಯಬೇಕು. 2019-20ರಲ್ಲಿ ರಾಜ್ಯ ಸರ್ಕಾರ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗವನ್ನು ತೆರೆಯಿತು. ಬೋರ್ಡಿನ ಮೇಲೆ ಮಾಧ್ಯಮ ಬದಲಾದರೂ ಕಲಿಸುವವರು ಅದೇ ಶಿಕ್ಷಕರು ಎಂಬುದನ್ನು ಪೋಷಕರಿಗೆ ಸಮಾಧಾನದಿಂದ ತಿಳಿಸಿ ಹೇಳಬೇಕು. ಕನ್ನಡದಲ್ಲಿ ಸರಾಗವಾಗಿ ಓದುವ ಮಗುವಿಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ ದಿನಕ್ಕೆ ಒಂದು ಗಂಟೆ ಮಾತಾಡಿಸಿ ಕಲಿಸುವುದು, ಎರಡೂ ಬಾರದ ಸ್ಥಿತಿಗೆ ಅದನ್ನು ದೂಡುವುದಕ್ಕಿಂತ ಬಹಳ ಮೇಲು. ಹೀಗೆ ಹೇಳಿದರಷ್ಟೇ ಸಾಲದು, ಆ ಒಂದು ಗಂಟೆ ನಿಜವಾಗಿ ನಡೆಯಬೇಕು. ದಾನಿಗಳ ಹಣ ಇದ್ದರೆ ಅದರಲ್ಲಿ ಒಬ್ಬ ಗೌರವ ಶಿಕ್ಷಕಿಯನ್ನು ಇದಕ್ಕೆಂದೇ ನೇಮಿಸಿಕೊಳ್ಳಬೇಕು.

ಮನೆ ಭೇಟಿಯಲ್ಲಿ ಹೇಳಬೇಕಾದ ಇನ್ನೊಂದು ಸಂಗತಿ ಬಹಳ ಪೋಷಕರಿಗೆ ಗೊತ್ತಿರುವುದಿಲ್ಲ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ವೃತ್ತಿ ಕೋರ್ಸುಗಳ ಸಿಇಟಿ ಸೀಟುಗಳಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ಇದೆ. ಮಗುವನ್ನು ಒಂದೆರಡು ವರ್ಷ ಪಟ್ಟಣದ ಶಾಲೆಗೆ ಸೇರಿಸಿದರೂ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕೆಂಬುದನ್ನೂ ತಿಳಿಸಿ ಹೇಳಿ.

ಊಟ, ನೀರು, ಜಾಗ

ಇವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಮಾಡುವ ಅಗತ್ಯವಿದೆ. ಬಿಸಿಯೂಟವನ್ನು ದಿನಕ್ಕೊಬ್ಬ ತಾಯಿ ಬಂದು ಮಕ್ಕಳ ಸಾಲಿನಲ್ಲಿಯೇ ಕೂತು ಉಣ್ಣಲಿ. ಅಡುಗೆ ಸಹಾಯಕಿಯರ ಜಾತಿಯ ಕಾರಣಕ್ಕೆ ಯಾರಾದರೂ ಮಗುವನ್ನು ಊಟಕ್ಕೆ ಬಿಡದಿದ್ದರೆ ಸಮಿತಿಯ ಅಧ್ಯಕ್ಷರೇ ಅಲ್ಲಿ ಕೂತು ಉಣ್ಣಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಸಂಪರ್ಕ ಇಲ್ಲದಿದ್ದರೆ ಅದು ಇಲ್ಲದಂತೆಯೇ. 6ನೇ ತರಗತಿಯ ನಂತರ ಹುಡುಗಿಯರ ಹಾಜರಾತಿ ಇಳಿಯುವ ಕಾರಣಗಳಲ್ಲಿ ಇದೂ ಒಂದು.

ಜಾಗದ ದಾಖಲೆಯನ್ನು ಮಾತ್ರ ಈ ವರ್ಷವೇ ನೋಡಬೇಕು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದ ಕಾಲದಿಂದಲೂ ನಮ್ಮ ಎಷ್ಟೋ ಶಾಲೆಗಳು ಊರಿನವರು ದಾನ ಕೊಟ್ಟ ನೆಲದ ಮೇಲೆ ನಿಂತಿವೆ. ಅಜ್ಜ ಬಾಯಿಮಾತಿನಲ್ಲಿ ಕೊಟ್ಟ ಜಾಗವನ್ನು ಮೊಮ್ಮಗ ಈಗ ಅಳತೆ ಮಾಡಿಸುತ್ತಾನೆ. ದಾನಪತ್ರ ನೋಂದಣಿಯಾಗಿದೆಯೇ, ಖಾತೆ ಶಾಲೆಯ ಹೆಸರಿಗೆ ಆಗಿದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ, ಇಲ್ಲದಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಶಾಲೆಯ ಹೆಸರಿಗೆ ಮಾಡಿಸಿಕೊಳ್ಳಬೇಕು. ಈ ದಾಖಲೆ ಇಲ್ಲದೆ ಹೊಸ ಕೊಠಡಿಯ ಅನುದಾನವೂ ತಡೆದು ನಿಲ್ಲುತ್ತದೆ.

ಹಣ ಎಲ್ಲಿಂದ, ಯಾವುದಕ್ಕೆ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲಾ ಅನುದಾನದ ಮಿತಿ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000. ಈ ಹಣದಲ್ಲಿ ಶೇ 10ರಷ್ಟಾದರೂ ಸ್ವಚ್ಛತೆಗೆ ಖರ್ಚಾಗಬೇಕು. ಸೀಮೆಸುಣ್ಣದಿಂದ ವಿದ್ಯುತ್ ಬಿಲ್ಲಿನವರೆಗೆ ಎಲ್ಲಕ್ಕೂ ಇದೇ ಮೂಲವಾದ್ದರಿಂದ ಇದರಿಂದ ದೊಡ್ಡದೇನೂ ಆಗದು; ಆದರೂ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಸಿದರೆ ಊರಿನವರಲ್ಲಿ ನಂಬಿಕೆ ಹುಟ್ಟಿ, ಮುಂದೆ ಕೇಳುವ ದೇಣಿಗೆಗೆ ಅದೇ ಬುನಾದಿಯಾಗುತ್ತದೆ.

ಕಾಂಪೌಂಡು, ಆಟದ ಮೈದಾನ, ಶೌಚಾಲಯ, ಅಡುಗೆ ಕೋಣೆಯಂಥ ಕೆಲಸಗಳನ್ನು ರಾಜ್ಯದ ಹಲವು ಪಂಚಾಯಿತಿಗಳು ಉದ್ಯೋಗ ಖಾತರಿಯ ಹಣದಲ್ಲಿ ಮಾಡಿಸಿವೆ. ಇಂಥವು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಬೇಕಾದರೆ ಗ್ರಾಮಸಭೆಯಲ್ಲಿ ಸಮಿತಿಯವರು ಎದ್ದು ಕೇಳಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಲಿ. ಏಳನೇ ತರಗತಿಯ ಹುಡುಗಿ ಎದ್ದು ‘ಶೌಚಾಲಯಕ್ಕೆ ಬಾಗಿಲಿಲ್ಲ’ ಎಂದು ಹೇಳಿದ ಮೇಲೆ ಅದನ್ನು ಪಕ್ಕಕ್ಕಿಡುವ ಧೈರ್ಯ ಯಾವ ಪಂಚಾಯಿತಿಗೂ ಬರುವುದಿಲ್ಲ.

ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಅಮೆರಿಕದಲ್ಲೋ ಇರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಶಾಲೆಗೆ ಏನಾದರೂ ಕೊಡಬೇಕೆಂದು ಕೇಳುತ್ತಾರೆ. ಅವರಿಗೆ ಸ್ಮಾರ್ಟ್ ಟಿವಿಯನ್ನೂ ಬ್ಯಾಗನ್ನೂ ಹೇಳಬೇಡಿ. ಒಬ್ಬ ಗೌರವ ಶಿಕ್ಷಕಿಯ ಮೂರು ವರ್ಷದ ಸಂಬಳ, ದೂರದ ಹಟ್ಟಿಯ ಮಕ್ಕಳನ್ನು ಕರೆತರುವ ವಾಹನದ ಖರ್ಚು, ನೂರು ಒಳ್ಳೆಯ ಕನ್ನಡ ಕಥೆ ಪುಸ್ತಕ ಎಂದು ಸ್ಪಷ್ಟವಾಗಿ ಬರೆದುಕೊಡಿ. ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು, ತಾವು ಶಾಲೆಯ ಮೆಟ್ಟಿಲು ಹತ್ತದಿದ್ದರೂ, ಶಾಲೆಯೇ ಇಲ್ಲದ ತಮ್ಮ ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡಿನಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಕನ್ನಡ ಶಾಲೆಯನ್ನು ಊರಿನ ಯುವಕರ ಸಂಘವೊಂದು ದತ್ತು ತೆಗೆದುಕೊಂಡು ಮತ್ತೆ ಮಕ್ಕಳಿಂದ ತುಂಬಿಸಿತು. ಹಣವಿದ್ದವರಿಗಿಂತ ಬಿಡದೆ ಓಡಾಡಿದವರಿಂದ ಈ ಎರಡೂ ಕೆಲಸ ಆದದ್ದು.

ಉತ್ತರ ಬಾರದಿದ್ದಾಗ

ಮನವಿಗೆ ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ, ಆ ಮನವಿಯ ಮೇಲೆ ಕೈಗೊಂಡ ಕ್ರಮವೇನೆಂದು ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕಾಗುತ್ತದೆ. ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಶಿಕ್ಷಣ ಹಕ್ಕು ಕಾಯಿದೆಯ 32ನೇ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅಲ್ಲಿಯೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಒಂದೇ ಶಾಲೆಯ ಅರ್ಜಿಗಿಂತ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಹತ್ತು ಶಾಲೆಗಳ ಸಮಿತಿಗಳು ಒಂದೇ ದಿನ ಕೊಟ್ಟ ಹತ್ತು ಅರ್ಜಿಗಳಿಗೆ ಬೇಗ ಉತ್ತರ ಬರುತ್ತದೆ, ಆದ್ದರಿಂದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರ ಸಭೆಗೆ ಬರುವ ಇತರ ಅಧ್ಯಕ್ಷರ ಪರಿಚಯ ಮಾಡಿಕೊಳ್ಳಿ.

ವರ್ಷದ ಕೆಲಸವನ್ನು ಹೀಗೆ ಹೊಂದಿಸಿಕೊಂಡರೆ ಅನುಕೂಲ: ಜೂನ್, ಜುಲೈಯಲ್ಲಿ ಓದಿನ ಪರೀಕ್ಷೆ ಮತ್ತು ಗುಂಪು, ಅಕ್ಟೋಬರ್‌ನಲ್ಲಿ ಎರಡನೇ ಪರೀಕ್ಷೆ, ನವೆಂಬರ್‌ನಲ್ಲಿ ಸಣ್ಣ ಮಕ್ಕಳ ಪಟ್ಟಿ, ಅದಾದ ಕೂಡಲೇ ಮನೆ ಭೇಟಿ, ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳಿರುವಂತೆ ಡಿಸೆಂಬರ್‌ನೊಳಗೆ ಶಾಲಾ ಅಭಿವೃದ್ಧಿ ಯೋಜನೆ, ಮೇನಲ್ಲಿ ಖಾಲಿ ಹುದ್ದೆಗಳ ಠರಾವು. ಸಮಿತಿಯ ಅವಧಿ ಮುಗಿದು ಹೊಸಬರನ್ನು ಆರಿಸುವ ಪೋಷಕರ ಸಭೆಯ ದಿನ, ಓದಿನ ಪಟ್ಟಿ, ಶಿಕ್ಷಕರು ಹೊರಗಿದ್ದ ದಿನಗಳ ಪುಸ್ತಕ, ಮೊಹರು ಹಾಕಿದ ಮನವಿಗಳ ಕಡತ, ಜಾಗದ ದಾಖಲೆ ಮತ್ತು ಮೂರರಿಂದ ಆರು ವರ್ಷದ ಮಕ್ಕಳ ಪಟ್ಟಿ, ಇವೈದನ್ನೂ ಎಲ್ಲರೆದುರು ಓದಿ ಹೇಳಿ, ಹೊಸ ಅಧ್ಯಕ್ಷರ ಕೈಗೆ ಒಪ್ಪಿಸಿ, ನಡಾವಳಿ ಪುಸ್ತಕದಲ್ಲಿ ಅವರ ಸಹಿ ಪಡೆಯಬೇಕು.